ಮುಂಬಯಿ ಪರಿಸರದ ಶಿಲಾರೋಹಣ ತಾಣಗಳು

ಮುಂಬಯಿ ನಗರ, ಅದರ ಉಪನಗರಗಳು ಮತ್ತು ಅಲ್ಲಿಂದ ಪೂರ್ವಕ್ಕೆ ಸಹ್ಯಾದ್ರಿಯ ಅಂಚಿನವರೆಗೆ ಹಬ್ಬಿದ ಸೀಮೆಯಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರ ತಾಣಗಳು ಹತ್ತಾರಿವೆ. ಇವುಗಳಲ್ಲಿ ಕೆಲವು ಲೋಕಲ್ ರೈಲಿನ ನಿಲ್ದಾಣದಿಂದ ನಡೆದು ತಲುಪುವಷ್ಟು ಹತ್ತಿರ. ಕೆಲವು ಇಡೀ ರಾತ್ರಿಯ ಪಯಣ ಬೇಡುವಷ್ಟು ದೂರ. ಬಹುಪಾಲು ಎಲ್ಲವೂ ಜ್ವಾಲಾಮುಖಿಯ ಶಿಲೆಗಳೇ. ಜಗತ್ತಿನ ಹೆಸರಾಂತ ಆರೋಹಣ ತಾಣಗಳಲ್ಲಿ ಅನೇಕವು ಸುಣ್ಣಕಲ್ಲಿನ ಗೋಡೆಗಳಾದರೆ, ಮುಂಬಯಿಯ ಆರೋಹಿ ಕಲಿತದ್ದು ಕರಿಗಲ್ಲಿನ ಮೇಲೆ. ಇಲ್ಲಿನ ಆರೋಹಣದ ರೀತಿ, ಅಪಾಯ, ಶಿಸ್ತು ಎಲ್ಲಕ್ಕೂ ಈ ಶಿಲಾಭೇದವೇ ಮೂಲ.

ಈ ತಾಣಗಳ ಹಾದಿಯಲ್ಲಿ ಚೆಂಬೂರು ಒಂದು ಹೆಬ್ಬಾಗಿಲಿನಂತಿದೆ. ಕುರ್ಲಾದಿಂದ ಚೆಂಬೂರಿಗೆ 1906ರಲ್ಲಿ ಹಾಕಿದ ಹಳಿ 1924ರಲ್ಲಿ ಪ್ರಯಾಣಿಕರಿಗೆ ತೆರೆಯಿತು. ಅದೇ ಮಾರ್ಗ ಮಾನ್‌ಖುರ್ದ್ ದಾಟಿ, ಠಾಣೆ ಖಾರಿಯನ್ನೂ ದಾಟಿ 1990ರ ದಶಕದ ಆರಂಭದಲ್ಲಿ ವಾಶಿ, ಬೇಲಾಪುರಗಳನ್ನು ಮುಟ್ಟಿತು. ರಸ್ತೆಯಲ್ಲಿ ಹೋಗುವುದಾದರೂ ಸಾಯನ್–ಪನ್ವೇಲ್ ಹೆದ್ದಾರಿ ಚೆಂಬೂರಿನ ಮಗ್ಗುಲಲ್ಲೇ ಹಾಯುತ್ತದೆ. ಪನ್ವೇಲ್ ದಾಟಿದರೆ ಒಂದು ದಾರಿ ಕರ್ನಾಳಕ್ಕೆ, ಇನ್ನೊಂದು ಖಂಡಾಲಾ ಘಟ್ಟಕ್ಕೆ. ಉಡುಪಿ, ಮಂಗಳೂರು, ಕುಂದಾಪುರದ ಕಡೆಯಿಂದ ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸ ಹಿಡಿದು ಚೆಂಬೂರಿನಲ್ಲಿ ನೆಲೆಸಿದ ಕನ್ನಡ, ತುಳು ಕುಟುಂಬಗಳ ಮಕ್ಕಳಿಗೆ ಬೆಟ್ಟವೆಂದರೆ ಮೊದಲು ಕಣ್ಣಿಗೆ ಬೀಳುವುದು ತ್ರಾಂಬೆಯ ಗುಡ್ಡ. ಆದರೆ ಅದನ್ನು ಹತ್ತುವಂತಿಲ್ಲ. 1954ರಲ್ಲಿ ಅಲ್ಲಿ ಅಣುಶಕ್ತಿ ಸಂಸ್ಥೆ ಸ್ಥಾಪನೆಯಾಯಿತು. 1956ರ ಆಗಸ್ಟ್‌ನಲ್ಲಿ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡಿತು. ಹೋಮಿ ಭಾಭಾ ತೀರಿಕೊಂಡ ಮರುವರ್ಷ, 1967ರಲ್ಲಿ, ಸಂಸ್ಥೆಗೆ ಅವರ ಹೆಸರು ಬಂತು. ಸಂಸ್ಥೆ ಬಂದಂದಿನಿಂದ ಗುಡ್ಡ ನಿರ್ಬಂಧಿತ ಪ್ರದೇಶ. ಅದೇ ಅವಧಿಯಲ್ಲಿ ಎಣ್ಣೆ ಶುದ್ಧೀಕರಣ ಘಟಕಗಳೂ ಅದರ ಬುಡಕ್ಕೆ ಬಂದವು. ಊರಿನ ಅತಿ ಹತ್ತಿರದ ಗುಡ್ಡ ಹೀಗೆ ನೋಡುವುದಕ್ಕೆ ಮಾತ್ರ ಉಳಿಯಿತು.

ಈ ಸೀಮೆಯ ಶಿಲೆ ದಖನ್ ಟ್ರ್ಯಾಪ್ ಎಂದು ಹೆಸರಾದ ಲಾವಾ ಪ್ರವಾಹಗಳದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು, ಪದರದ ಮೇಲೆ ಪದರವಾಗಿ ಲಾವಾ ಹರಿದು ಆರಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಘಟ್ಟವನ್ನು ದೂರದಿಂದ ನೋಡಿದವರಿಗೆ ಆ ಹೆಸರು ಎಷ್ಟು ಸರಿಯಾದದ್ದೆಂದು ತಿಳಿಯುತ್ತದೆ. ಗಟ್ಟಿಯಾದ ಲಾವಾ ಪದರ ಕಡಿದಾದ ಗೋಡೆಯಾಗಿ ನಿಲ್ಲುತ್ತದೆ; ಗಾಳಿಗುಳ್ಳೆ ತುಂಬಿದ ಮೆತ್ತನೆಯ ಪದರವೂ ಎರಡು ಪ್ರವಾಹಗಳ ನಡುವಿನ ಕೆಂಪು ಮಣ್ಣಿನ ಪಟ್ಟಿಯೂ ಸವೆದು ಹುಲ್ಲು ಬೆಳೆದ ಚಾಚುಗಳಾಗುತ್ತವೆ. ಗೋಡೆ, ಹುಲ್ಲುಚಾಚು, ಮತ್ತೆ ಗೋಡೆ: ಸಹ್ಯಾದ್ರಿಯಲ್ಲಿ ಹತ್ತುವುದೆಂದರೆ ಇದೇ ಕ್ರಮ. ಹುಲ್ಲುಚಾಚು ನೋಡಲು ವಿಶ್ರಾಂತಿಯ ಜಾಗ. ಆದರೆ ಒಣಗಿದ ಹುಲ್ಲು ಜಾರುತ್ತದೆ, ಅದರಡಿಯ ಪುಡಿಗಲ್ಲು ಕಾಲಿನಡಿಯಿಂದ ಉರುಳುತ್ತದೆ. ಅನುಭವಿಗಳು ಗೋಡೆಗಿಂತ ಈ ಚಾಚುಗಳಿಗೇ ಹೆಚ್ಚು ಅಂಜುತ್ತಾರೆ.

ಮುಂಬಯಿ ನಗರದೊಳಗಿನ ಶಿಲೆ ಇನ್ನೂ ವೈವಿಧ್ಯದ್ದು. ಕಾನ್ಹೇರಿಯ ಗುಹೆಗಳನ್ನು ಕೊರೆದದ್ದು ಜ್ವಾಲಾಮುಖಿ ಉಗುಳಿದ ಚೂರುಗಳು ಬೆಸೆದುಕೊಂಡ ಬ್ರೆಕ್ಷಿಯಾ ಶಿಲೆಯಲ್ಲಿ. ಅಂಧೇರಿಯ ಗಿಲ್ಬರ್ಟ್ ಹಿಲ್ 61 ಮೀಟರ್ ಎತ್ತರದ, ನೇರ ಕಂಬಗಳನ್ನು ಒಟ್ಟಿಟ್ಟಂತಹ ಬಸಾಲ್ಟ್ ಗುಡ್ಡ. 1952ರಲ್ಲಿ ಅದಕ್ಕೆ ಸರ್ಕಾರದ ರಕ್ಷಣೆ ದೊರೆಯಿತು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಿದ ಕರಾವಳಿಗರಿಗೆ ಇದು ಅಪರಿಚಿತವೆನಿಸದು. ರಚನೆ ಒಂದೇ ಬಗೆಯದಾದರೂ ಕಾಲ ಬೇರೆ. ಮಲ್ಪೆಯ ಶಿಲೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಗಿಲ್ಬರ್ಟ್ ಹಿಲ್‌ಗಿಂತ ಸುಮಾರು 2 ಕೋಟಿ ವರ್ಷ ಹಿರಿದು. ಅಮೆರಿಕದ ವಯೋಮಿಂಗ್‌ನಲ್ಲಿರುವ ಡೆವಿಲ್ಸ್ ಟವರ್ ಇಂತಹದೇ ಕಂಬಗಲ್ಲಿನ ಗುಡ್ಡ. ಅದರ ಬಿರುಕುಗಳಲ್ಲಿ ನೂರಾರು ಆರೋಹಣ ಮಾರ್ಗಗಳಿವೆ. ಗಿಲ್ಬರ್ಟ್ ಹಿಲ್‌ನ ಸುತ್ತ ಮನೆಗಳು ಒತ್ತೊತ್ತಾಗಿ ಬೆಳೆದಿವೆ, ನೆತ್ತಿಯ ಮೇಲೆ ದೇವಸ್ಥಾನವಿದೆ, ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳಿವೆ. ಅಲ್ಲಿ ಮೆಟ್ಟಿಲು ಹತ್ತುವುದೇ ಸರಿ.

ಸುಣ್ಣಕಲ್ಲಿನ ಕಥೆ ಬೇರೆ. ಸಮುದ್ರದ ಜೀವಿಗಳ ಚಿಪ್ಪು, ಕೆಸರು ತಳದಲ್ಲಿ ಕೂಡಿ ಗಟ್ಟಿಯಾದ ಆ ಶಿಲೆ ಮಳೆನೀರಿನಲ್ಲಿ ಮೆಲ್ಲಗೆ ಕರಗುತ್ತದೆ. ಕರಗಿದಲ್ಲಿ ಬೆರಳು ತೂರುವಂತಹ ಕುಳಿಗಳು, ನೀರು ಸೋರಿ ಮತ್ತೆ ಗಟ್ಟಿಯಾದಲ್ಲಿ ಆನೆಯ ಸೊಂಡಿಲಿನಂತಹ ಏಣುಗಳು, ಚಾವಣಿಯಿಂದ ಇಳಿಬಿದ್ದ ಕಲ್ಲಿನ ತೊಂಗಲುಗಳು ಉಂಟಾಗುತ್ತವೆ. ಮುಂದಕ್ಕೆ ಬಾಗಿದ ಗೋಡೆಯಲ್ಲೂ ಹೀಗೆ ಹಿಡಿತಗಳು ಸಿಗುವುದರಿಂದ, ಬೋಲ್ಟ್ ಜಡಿದು ಹತ್ತುವ ಕ್ರೀಡಾ ಆರೋಹಣ ಈ ಶಿಲೆಯ ಮೇಲೆಯೇ ಅರಳಿತು. ಫ್ರಾನ್ಸಿನ ವರ್ದೋನ್ ಕಮರಿ ಮತ್ತು ಸೆಯೂಸ್, ಸ್ಪೇನಿನ ಸಿಯುರಾನಾ, ಥಾಯ್ಲೆಂಡಿನ ರೈಲೇ, ಚೀನಾದ ಯಾಂಗ್‌ಶೂ ಎಲ್ಲವೂ ಸುಣ್ಣಕಲ್ಲು. ಗ್ರೀಸಿನ ಕಾಲಿಮ್ನೋಸ್ ದ್ವೀಪ ಒಂದು ಕಾಲಕ್ಕೆ ಕಡಲತಳದ ಸ್ಪಂಜು ತೆಗೆಯುವವರ ಊರು. ಆ ಕಸುಬು ಇಳಿಮುಖವಾದ ಮೇಲೆ, 1990ರ ದಶಕದ ಕೊನೆಯಿಂದ ಬಂಡೆ ಹತ್ತಲು ಬರುವವರೇ ಅಲ್ಲಿನ ಅನೇಕ ಮನೆಗಳ ಅನ್ನಕ್ಕೆ ದಾರಿಯಾದರು.

ಮುಂಬಯಿಯಲ್ಲಿ ಸುಣ್ಣಕಲ್ಲು ಇಲ್ಲವೆಂದೇನೂ ಅಲ್ಲ. ಬೆಟ್ಟವಾಗಿ ಇಲ್ಲ, ಅಷ್ಟೆ. ಪೋರಬಂದರಿನಿಂದ ಹಡಗಿನಲ್ಲಿ ಬಂದ ಸುಣ್ಣಕಲ್ಲು ಬ್ರಿಟಿಷರ ಕಾಲದ ಭವ್ಯ ಕಟ್ಟಡಗಳ ಕೆತ್ತನೆಗೆ ಒದಗಿತು. ಕಲಬುರಗಿ ಜಿಲ್ಲೆಯ ಶಹಾಬಾದಿನ ಬೂದುಬಣ್ಣದ ಸುಣ್ಣಕಲ್ಲು, ಮುಂಬಯಿಯವರ ಬಾಯಲ್ಲಿ ‘ಶಹಾಬಾದಿ ಫರ್ಶಿ’, ಹಳೆಯ ಚಾಳುಗಳ ನೆಲಕ್ಕೆಲ್ಲ ಹಾಸಾಯಿತು. ಊರಿನ ಸ್ವಂತ ಕಲ್ಲು ಬೇರೆಯೇ ಇತ್ತು. ರಾಜಾಬಾಯಿ ಗೋಪುರ ಎದ್ದದ್ದು ಚೆಂಬೂರಿನ ನೆರೆಯ ಕುರ್ಲಾದ ಹಳದಿಛಾಯೆಯ ಕಲ್ಲಿನಲ್ಲಿ. ಅಲ್ಲಿನ ಗುಡ್ಡಗಳಲ್ಲಿ ಹಲವು ಗಣಿಯಾಗಿ ಕರಗಿ ಈಗ ಗೋಡೆಗಳಾಗಿ ನಿಂತಿವೆ.

ಮುಂಬಯಿಯ ಆರೋಹಿಗಳಿಗೆ ಪಾಠಶಾಲೆಯೆಂದರೆ ಮುಂಬ್ರಾ. ಠಾಣೆ–ಕಲ್ಯಾಣ ನಡುವಿನ ರೈಲುಮಾರ್ಗ 1854ರಲ್ಲಿ ಈ ಗುಡ್ಡಗಳ ಬುಡದಲ್ಲಿ ಹಾದುಹೋಯಿತು. 1916ರಲ್ಲಿ ಪಾರ್ಸಿಕ್ ಗುಡ್ಡವನ್ನು ಕೊರೆದು 1.3 ಕಿಲೋಮೀಟರ್ ಉದ್ದದ ಸುರಂಗ ತೆರೆದರು. ನಿಲ್ದಾಣದಿಂದ ಹೊರಬಂದು ಮೇಲೆ ನೋಡಿದರೆ ಗೋಡೆ ಎದುರಿಗೇ ನಿಂತಿರುತ್ತದೆ, ಅದರ ನಡುವಿನಲ್ಲಿ ಮುಂಬ್ರಾದೇವಿಯ ಗುಡಿ. ಭಾನುವಾರ ನಸುಕಿನ ಲೋಕಲ್ ಹಿಡಿದು, ಬೆನ್ನಿಗೆ ಹಗ್ಗ ಹೊತ್ತು, ಬಿಸಿಲೇರುವ ಮೊದಲೇ ಗೋಡೆಯ ಬುಡ ಸೇರುವುದು ದಶಕಗಳಿಂದ ನಡೆದುಬಂದ ರೂಢಿ. ಗಂಟು ಹಾಕುವುದು, ಮೇಲೆ ಹೋಗುವವನ ಹಗ್ಗವನ್ನು ಕೆಳಗಿನವನು ಸಡಿಲಿಸುತ್ತ ಬಿಗಿಯುತ್ತ ಕಾಯುವ ಬಿಲೇ, ಹಗ್ಗದ ಮೇಲೆ ಜಾರಿ ಇಳಿಯುವ ರ‍್ಯಾಪೆಲಿಂಗ್: ಮುಂಬಯಿಯಿಂದ ಹಿಮಾಲಯಕ್ಕೆ ಹೋದ ಎಷ್ಟೋ ಮಂದಿ ಈ ಮೂರನ್ನೂ ಮೊದಲು ಕಲಿತದ್ದು ಇಲ್ಲಿ. ಬಂಡೆ ಎಲ್ಲ ಕಡೆ ಒಳ್ಳೆಯದಲ್ಲ. ಹಿಡಿದ ಕಲ್ಲು ಕೈಗೇ ಬರುವುದುಂಟು. ಆದ್ದರಿಂದ ಹಿಡಿತದ ಮೇಲೆ ಭಾರ ಹಾಕುವ ಮುನ್ನ ಅಂಗೈಯಿಂದ ತಟ್ಟಿ ಸದ್ದು ಕೇಳುವುದನ್ನು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಾರೆ. ಟೊಳ್ಳು ಸದ್ದು ಬಂದರೆ ಆ ಕಲ್ಲನ್ನು ಬಿಟ್ಟುಬಿಡಬೇಕು. ಗಟ್ಟಿ ಸುಣ್ಣಕಲ್ಲಿನ ಮೇಲೆ ಕಲಿತವರಿಗೆ ಈ ಅಭ್ಯಾಸ ಇಷ್ಟು ಬೇಗ ಬರುವುದಿಲ್ಲ. ಮುಂಬ್ರಾ ಕೊಟ್ಟ ನಿಜವಾದ ವಿದ್ಯೆ ಇದೇ ಎನ್ನಬೇಕು.

ಪಾರ್ಸಿಕ್ ಸಾಲಿನ ಇನ್ನೊಂದು ತುದಿ ಬೇಲಾಪುರದ ಕಡೆಗಿದೆ. ಚೆಂಬೂರಿನಿಂದ ಹಾರ್ಬರ್ ಮಾರ್ಗದ ರೈಲಿನಲ್ಲಿ ನೇರ ತಲುಪಬಹುದಾದ ಈ ಕಡೆ ಗುಂಡುಗಲ್ಲುಗಳ ಮೇಲೆ ಹಗ್ಗವಿಲ್ಲದೆ, ಕೆಳಗೆ ದಪ್ಪ ಚಾಪೆ ಹಾಸಿ ಹತ್ತುವ ಬೌಲ್ಡರಿಂಗ್ ಬೆಳೆಯಿತು. ಅದೇ ಗುಡ್ಡಸಾಲನ್ನು ಜಲ್ಲಿಯ ಗಣಿಗಳು ದೊಡ್ಡ ಪ್ರಮಾಣದಲ್ಲಿ ಕಡಿದಿವೆ. ನವಿ ಮುಂಬಯಿಯ ಕಾಂಕ್ರೀಟಿನಲ್ಲಿ ಪಾರ್ಸಿಕ್ ಗುಡ್ಡದ ಪಾಲು ದೊಡ್ಡದು.

ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರ್ ಕಾಡು. ಅದರ ನಡುವಿನ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಹಿಂದೆ ಇಲ್ಲಿನ ಬಂಡೆಗಳ ಮೇಲೆ ತರಬೇತಿ ಶಿಬಿರಗಳು ನಡೆಯುತ್ತಿದ್ದವು. ಚಿರತೆಗಳಿರುವ ರಕ್ಷಿತ ಅರಣ್ಯವೂ ಪುರಾತತ್ವ ಸ್ಮಾರಕವೂ ಆದ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹತ್ತುವಂತಿಲ್ಲ. ಅದು ಇರಬೇಕಾದ ನಿಯಮವೇ.

ಪನ್ವೇಲ್ ದಾಟಿದೊಡನೆ ಮರಾಠಿಯಲ್ಲಿ ‘ಸುಳಕಾ’ ಎನ್ನುವ ಕೋಡುಗಲ್ಲುಗಳ ಸೀಮೆ ಆರಂಭವಾಗುತ್ತದೆ. ಸುತ್ತಲಿನ ಮೆತ್ತನೆಯ ಕಲ್ಲು ಸವೆದು ಗಟ್ಟಿ ತಿರುಳು ಮಾತ್ರ ಕೊಂಬಿನಂತೆ ಉಳಿದದ್ದೇ ಸುಳಕಾ. ಕರ್ನಾಳ ಕೋಟೆಯ ನೆತ್ತಿಯ ಮೇಲಿನ ಕಲ್ಲುಕಂಬ ಇವುಗಳಲ್ಲಿ ಎಲ್ಲರಿಗೂ ಪರಿಚಿತ. ಗೋವಾ ಹೆದ್ದಾರಿಯಲ್ಲಿ ಊರಿಗೆ ಹೋಗುವ ಪ್ರತಿ ಬಸ್ಸಿನಿಂದಲೂ ಅದು ಕಾಣುತ್ತದೆ. ಕೆಳಗೆ ಪಕ್ಷಿಧಾಮ, ಮೇಲೆ ಹೆಜ್ಜೇನಿನ ಗೂಡುಗಳು. ಸಹ್ಯಾದ್ರಿಯ ಆರೋಹಿ ಹಾವು, ಚಿರತೆಗಳಿಗಿಂತ ಹೆದರುವುದು ಈ ಹೆಜ್ಜೇನಿಗೆ. ನೆಲದ ಮೇಲಿರುವವನು ಓಡಬಹುದು, ಹಗ್ಗದಲ್ಲಿ ತೂಗುತ್ತಿರುವವನು ಎಲ್ಲಿಗೆ ಓಡಬೇಕು? ಗೂಡಿರುವ ಗೋಡೆಯ ಬಳಿ ಹೊಗೆ, ಕೂಗು, ಸುಗಂಧ ದ್ರವ್ಯ ಯಾವುದೂ ಕೂಡದೆಂಬುದು ಕಟ್ಟುನಿಟ್ಟಿನ ಪಾಲನೆ. ಗೂಡು ದೊಡ್ಡದಾಗಿದ್ದರೆ ಆ ವರ್ಷ ಆ ಗೋಡೆಯನ್ನೇ ಬಿಡುತ್ತಾರೆ.

ಇನ್ನೂ ಪೂರ್ವಕ್ಕೆ ಇರ್ಶಾಳಗಡದ ಮೊನಚು ಶಿಖರ. ಅದರ ಎದೆಯಲ್ಲಿ ಸೂಜಿಯ ಕಣ್ಣಿನಂತಹ ತೂತು ಇದೆ. 2023ರ ಜುಲೈ 19ರ ರಾತ್ರಿ, ಬಿರುಮಳೆಯಲ್ಲಿ ಈ ಬೆಟ್ಟದ ಇಳಿಜಾರು ಕುಸಿದು ಕೆಳಗಿನ ಇರ್ಶಾಳವಾಡಿ ಎಂಬ ಆದಿವಾಸಿ ಹಾಡಿ ಮಣ್ಣಿನಡಿಯಾಯಿತು. 27 ಮಂದಿಯ ಶವಗಳು ದೊರೆತವು. ಇನ್ನೂ ಅನೇಕರು ಸಿಗಲೇ ಇಲ್ಲ. ಆರೋಹಿಗಳು ಹೊರೆ ಇಳಿಸಿ ನೀರು ಕುಡಿಯುತ್ತಿದ್ದ, ದಾರಿ ಕೇಳುತ್ತಿದ್ದ ಹಾಡಿಯದು. ಬಸಾಲ್ಟಿನ ಗೋಡೆ ನಿಂತೇ ಇದ್ದರೂ ಅದರ ಪಾದದ ಸವೆದ ಮಣ್ಣು ಎಷ್ಟು ದುರ್ಬಲವೆಂಬುದಕ್ಕೆ ಇದು ಕ್ರೂರವಾದ ಸಾಕ್ಷಿ.

ಖಂಡಾಲಾ ಘಟ್ಟದ ನಾಗಫಣಿಗೆ ಬ್ರಿಟಿಷರು ಡ್ಯೂಕ್ಸ್ ನೋಸ್ ಎಂದು ಹೆಸರಿಟ್ಟರು. ಅವರಿಗೆ ಅದು ವೆಲಿಂಗ್ಟನ್ ಡ್ಯೂಕನ ಮೂಗಿನಂತೆ ಕಂಡಿತು, ಸ್ಥಳೀಯರಿಗೆ ಹೆಡೆ ಎತ್ತಿದ ನಾಗನಂತೆ. ಎರಡನೆಯ ಹೋಲಿಕೆಯೇ ಬಂಡೆಗೆ ಹೆಚ್ಚು ಒಪ್ಪುತ್ತದೆ. ಮುಂಬಯಿ–ಪುಣೆ ರೈಲುಮಾರ್ಗಕ್ಕೂ ಎಕ್ಸ್‌ಪ್ರೆಸ್‌ವೇಗೂ ಹತ್ತಿರವಿರುವುದರಿಂದ ಹತ್ತುವವರಿಗಿಂತ ಹಗ್ಗದಲ್ಲಿ ಇಳಿಯುವವರ, ಕಣಿವೆಗೆ ಅಡ್ಡಲಾಗಿ ಹಗ್ಗ ಕಟ್ಟಿ ದಾಟುವವರ ಗದ್ದಲ ಇಲ್ಲಿ ಹೆಚ್ಚು. ಲೋಣಾವಳಾದ ಆಚೆ ತೈಲಬೈಲದ ಅವಳಿ ಗೋಡೆಗಳು, ರಾಯಗಡ ಮತ್ತು ತೋರಣೆಯ ನಡುವೆ ಒಂಟಿಯಾಗಿ ನಿಂತ ಲಿಂಗಾಣಾ, ಜೀವಧನ ಕೋಟೆಯ ಪಕ್ಕದ ವಾನರಲಿಂಗಿ ಇವೆಲ್ಲ ಗಂಭೀರ ಆರೋಹಿಗಳ ಪಟ್ಟಿಯಲ್ಲಿ ಇದ್ದೇ ಇರುತ್ತವೆ.

ಆದರೆ ಸಹ್ಯಾದ್ರಿಯ ಗೋಡೆಗಳಲ್ಲಿ ರಾಜನೆಂದರೆ ಹರಿಶ್ಚಂದ್ರಗಡದ ಕೊಂಕಣಕಡಾ. 1,424 ಮೀಟರ್ ಎತ್ತರದ ಈ ಗಡದ ಪಶ್ಚಿಮದ ಅಂಚು ಒಳಕ್ಕೆ ಬಾಗಿದ ದೈತ್ಯ ಬಟ್ಟಲಿನಂತೆ ಕೊಂಕಣದ ಬಯಲಿಗೆ ಎದುರಾಗಿದೆ. ಅಂಚಿನಲ್ಲಿ ಬೋರಲು ಮಲಗಿ ಕೆಳಗೆ ನೋಡಿದರೆ ಗೋಡೆಯೇ ಕಾಣುವುದಿಲ್ಲ, ನೂರಾರು ಮೀಟರ್ ಕೆಳಗಿನ ಕಾಡು ಮಾತ್ರ ಕಾಣುತ್ತದೆ. ಗೋಡೆ ಅಷ್ಟು ಒಳಸರಿದಿದೆ. ಕೆಳಗಿನಿಂದ ನುಗ್ಗುವ ಗಾಳಿ ಬೀಸಿದ ಎಲೆಯನ್ನು ಮತ್ತೆ ಮೇಲಕ್ಕೆ ತರುತ್ತದೆ. ಕಣಿವೆಯಲ್ಲಿ ಮಂಜು ತುಂಬಿ ಬೆನ್ನ ಹಿಂದೆ ಸೂರ್ಯನಿದ್ದಾಗ ನೋಡುವವನ ನೆರಳಿನ ಸುತ್ತ ಪೂರ್ಣ ವೃತ್ತದ ಕಾಮನಬಿಲ್ಲು ಮೂಡುವುದುಂಟು. ಮರಾಠಿಯಲ್ಲಿ ಅದಕ್ಕೆ ಇಂದ್ರವಜ್ರವೆಂದು ಹೆಸರು. ಈ ಗೋಡೆಯನ್ನು ಹತ್ತಲು ದಿನಗಳೇ ಬೇಕು. ನೀರನ್ನೂ ಅನ್ನವನ್ನೂ ಹಗ್ಗದಲ್ಲಿ ಎಳೆದುಕೊಳ್ಳಬೇಕು, ರಾತ್ರಿಯನ್ನು ಗೋಡೆಯ ಮೇಲೆಯೇ ಕಳೆಯಬೇಕು.

ಸಹ್ಯಾದ್ರಿಯಲ್ಲಿ ಬಂಡೆ ಹತ್ತುವುದು ಕ್ರೀಡೆಯಾಗುವ ಮೊದಲು ಯುದ್ಧವಿದ್ಯೆಯಾಗಿತ್ತು. 1670ರ ಫೆಬ್ರವರಿ 4ರ ರಾತ್ರಿ ತಾನಾಜಿ ಮಾಲುಸರೆ ಮತ್ತು ಅವನ ಮಾವಳೆ ಸೈನಿಕರು ಕೊಂಡಾಣ ಕೋಟೆಯ ಕಡಿದಾದ ಮಗ್ಗುಲನ್ನು ಹಗ್ಗದಿಂದ ಏರಿ ಕೋಟೆಯನ್ನು ಗೆದ್ದರು. ತಾನಾಜಿ ಅಲ್ಲಿಯೇ ಮಡಿದ. ಹಗ್ಗವನ್ನು ಮೇಲಕ್ಕೆ ಒಯ್ದದ್ದು ಒಂದು ಉಡವೆಂದು ಲಾವಣಿಗಳು ಹಾಡುತ್ತವೆ. ಚರಿತ್ರಕಾರರು ಇದನ್ನು ಒಪ್ಪುವುದಿಲ್ಲ. ಆದರೂ ಗೋಡೆಗೆ ಕಚ್ಚಿಕೊಳ್ಳುವ ‘ಉಡದ ಹಿಡಿತ’ ಕನ್ನಡದ ಮಾತಿನಲ್ಲೂ ಇದೆ.

ಆಧುನಿಕ ಅರ್ಥದ ಆರೋಹಣ ಸಂಘಟಿತವಾದದ್ದು ಸ್ವಾತಂತ್ರ್ಯದ ನಂತರ. 1953ರ ಎವರೆಸ್ಟ್ ಜಯದ ಹುರುಪಿನಲ್ಲಿ ಮರುವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಹುಟ್ಟಿತು. ಅದೇ 1954ರಲ್ಲಿ ಮುಂಬಯಿಯ ಗಿರಿವಿಹಾರ ಸಂಸ್ಥೆಯೂ ಆರಂಭವಾಯಿತು. 1928ರಲ್ಲಿ ಸ್ಥಾಪನೆಯಾದ ಹಿಮಾಲಯನ್ ಕ್ಲಬ್ಬಿನ ಕಾರ್ಯಕೇಂದ್ರ ಮುಂದೆ ಮುಂಬಯಿಗೇ ಬಂತು. ಸಹ್ಯಾದ್ರಿಯ ದಾರಿಗಳನ್ನು ಪುಸ್ತಕವಾಗಿ ಬರೆದಿಟ್ಟು, ಹಿಮಾಲಯದ ಅಜ್ಞಾತ ಕಣಿವೆಗಳಲ್ಲಿ ಜೀವಮಾನ ಸವೆಸಿದ ಹರೀಶ್ ಕಪಾಡಿಯಾ ಮುಂಬಯಿಯವರು; 2003ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪದಕ ಅವರಿಗೆ ಸಂದಿತು. ಸಮುದ್ರಮಟ್ಟದ, ಹಿಮವನ್ನೇ ಕಾಣದ ಊರೊಂದು ಇಷ್ಟು ಪರ್ವತಾರೋಹಿಗಳನ್ನು ಬೆಳೆಸಿತೆಂದರೆ ಅದಕ್ಕೆ ಭಾನುವಾರದ ಈ ಬಂಡೆಗಳೇ ಕಾರಣ.

ಹತ್ತುವ ಋತು ಚಿಕ್ಕದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಗೋಡೆಗಳು ಪಾಚಿಗಟ್ಟಿ ಜಲಪಾತಗಳಾಗುತ್ತವೆ. ಅಕ್ಟೋಬರಿನಲ್ಲಿ ಬಂಡೆ ಒಣಗಿದರೂ ಹುಲ್ಲು ಹಸಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚಿನ ನಂತರ ಕರಿಗಲ್ಲು ಕಾದ ಹೆಂಚಾಗುತ್ತದೆ.

ಮಳೆಗಾಲ ಬಿಟ್ಟುಹೋಗುವ ಇನ್ನೊಂದು ತೊಂದರೆ ತುಕ್ಕು. ಹಿಂದಿನವರು ಬಿರುಕುಗಳಿಗೆ ಬಡಿದ ಕಬ್ಬಿಣದ ಪಿಟಾನುಗಳೂ ಕೊರೆದು ಕೂರಿಸಿದ ಸಣ್ಣ ಬೋಲ್ಟುಗಳೂ ಉಪ್ಪುಗಾಳಿಗೆ, ಮಳೆಗೆ ಒಳಗೊಳಗೇ ತಿಂದುಹೋಗಿರುತ್ತವೆ. ಹೊರಗಿನ ತಲೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಹಳೆಯ ಮಾರ್ಗಗಳಲ್ಲಿ ಕಂಡ ಮೊಳೆಯನ್ನೆಲ್ಲ ನಂಬಿ ಹಗ್ಗ ಹಾಕುವುದು ಜೀವವನ್ನು ಪಣಕ್ಕಿಟ್ಟಂತೆ. ಕಡಲಂಚಿನ ಸುಣ್ಣಕಲ್ಲಿನಲ್ಲಿ ಈ ಸಮಸ್ಯೆ ಇನ್ನೂ ಭೀಕರ. ಥಾಯ್ಲೆಂಡಿನ ರೈಲೇಯಲ್ಲಿ ತುಕ್ಕುರಹಿತ ಉಕ್ಕಿನ ಬೋಲ್ಟುಗಳೇ ಕಣ್ಣಿಗೆ ಕಾಣದಂತೆ ಸೀಳಿ ಮುರಿದದ್ದರಿಂದ ಅವುಗಳ ಜಾಗಕ್ಕೆ ಟೈಟಾನಿಯಮ್ ಬೋಲ್ಟುಗಳನ್ನು ತರಬೇಕಾಯಿತು. ಕೊಂಕಣದ ಗೋಡೆಗಳಲ್ಲಿ ಈಗ ದಪ್ಪನೆಯ, ಒಳ್ಳೆಯ ಉಕ್ಕಿನ ಬೋಲ್ಟುಗಳು ಹಳೆಯವುಗಳ ಜಾಗಕ್ಕೆ ಬರುತ್ತಿವೆ. ಈ ಕೆಲಸ ಮಾಡುವವರು ಬಹುಮಟ್ಟಿಗೆ ಸ್ವಯಂಸೇವಕರು.

ಹತ್ತುವ ಪದ್ಧತಿಯಲ್ಲಿ ಶಿಲೆಗೆ ತಕ್ಕ ವ್ಯತ್ಯಾಸಗಳಿವೆ. ಬಿರುಕುಗಳಿರುವಲ್ಲಿ ಲೋಹದ ಬೆಣೆಗಳನ್ನು, ಸ್ಪ್ರಿಂಗಿನ ಕ್ಯಾಮುಗಳನ್ನು ತೂರಿಸಿ ಹಗ್ಗ ಸಿಕ್ಕಿಸುವ ಸಾಂಪ್ರದಾಯಿಕ ಆರೋಹಣ ನಡೆಯುತ್ತದೆ; ಬೋಲ್ಟ್ ಜಡಿದ ಗೋಡೆಯಲ್ಲಿ ಕ್ರೀಡಾ ಆರೋಹಣ. ಬರಿಗೈಯಲ್ಲಿ ಸಾಗದ ಕಡೆ ಬೋಲ್ಟಿಗೆ ತೂಗಿದ ಹಗ್ಗದ ಏಣಿಯ ಮೇಲೆ ಕಾಲಿಟ್ಟು ಏರುವುದುಂಟು. ಕೊಂಕಣದ ಅನೇಕ ಕೋಡುಗಲ್ಲುಗಳನ್ನು ಮೊದಲು ಏರಿದ್ದು ಹೀಗೆಯೇ. ಮಾರ್ಗದ ಕಠಿನತೆಯನ್ನು ಫ್ರೆಂಚ್ ಕ್ರಮಾಂಕದಲ್ಲಿ ಅಳೆಯುವುದು ವಾಡಿಕೆ. 5ರ ಆಸುಪಾಸು ಆರಂಭಿಕರಿಗೆ, 7 ದಾಟಿದರೆ ವರ್ಷಗಳ ಸಾಧನೆ ಬೇಕು, 9ಸಿ ಎಂಬ ತುತ್ತತುದಿಯನ್ನು ಮೊದಲು ಮುಟ್ಟಿದ್ದು 2017ರಲ್ಲಿ, ನಾರ್ವೆಯ ಗುಹೆಯೊಂದರಲ್ಲಿ, ಚೆಕ್ ಆರೋಹಿ ಆದಮ್ ಓಂದ್ರಾ.

ಮುಂಬಯಿಯ ಆರೋಹಿಗಳು ಚಳಿಗಾಲದಲ್ಲಿ ಕಣ್ಣಿಡುವುದು ಕರ್ನಾಟಕದ ಮೇಲೆ, ಅದರಲ್ಲೂ ಬಾದಾಮಿಯ ಮೇಲೆ. ಬಾಗಲಕೋಟೆ ಜಿಲ್ಲೆಯ ಶಿಲಾಸಮೂಹದಲ್ಲಿ ಸುಣ್ಣಕಲ್ಲು ಧಾರಾಳವಾಗಿದೆ, ಬಾಗಲಕೋಟೆ ಸಿಮೆಂಟಿಗೆ ಅದೇ ಆಧಾರ. ಆದರೆ ಗೋಡೆಯಾಗಿ ಎದ್ದು ನಿಂತದ್ದು ಕೆಂಪು ಮರಳುಗಲ್ಲು. ಈ ಮರಳುಗಲ್ಲು ಗಟ್ಟಿ, ಒಣ, ಅಡ್ಡಪಟ್ಟೆಗಳಲ್ಲಿ ಬೆರಳಿಗೆ ಒದಗುವ ಅಂಚುಗಳುಳ್ಳದ್ದು. ಮುಂಬ್ರಾದಲ್ಲಿ ಪ್ರತಿ ಕಲ್ಲನ್ನೂ ತಟ್ಟಿ ನೋಡಿ ರೂಢಿಯಾದವರಿಗೆ ಇಲ್ಲಿ ಕಲ್ಲು ಕೈಬಿಡದೆಂಬ ಭರವಸೆಯೇ ದೊಡ್ಡ ಸುಖ. ಫ್ರೆಂಚ್ ಆರೋಹಿಗಳು ಇಲ್ಲಿ ತೆರೆದ ‘ಗಣೇಶ’ ಎಂಬ ಮಾರ್ಗ 8ಬಿ+ ದರ್ಜೆಯದು, ದೇಶದ ಅತಿ ಕಠಿನ ಮಾರ್ಗಗಳಲ್ಲೊಂದೆಂದು ಹೆಸರಾದದ್ದು. ಪುಣೆಯ ತುಹಿನ್ ಸಾತಾರಕರ್ ಅದನ್ನು ಏರಿದ್ದಾರೆ. ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯೂ ಬಾದಾಮಿಯಲ್ಲಿ ಶಿಲಾರೋಹಣದ ತರಬೇತಿ ನಡೆಸಿದೆ.

ಬಾದಾಮಿಯ ಬಂಡೆಗೆ ಇನ್ನೊಂದು ಘನತೆ ಇದೆ. ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಕೋಟೆ ಕಟ್ಟಿದ ಶಾಸನವಿರುವುದು ಇಲ್ಲಿನ ಉತ್ತರದ ಬೆಟ್ಟದ ಬಂಡೆಯ ಮೇಲೆ. ಮಂಗಳೇಶ ಮೂರನೆಯ ಗುಹೆಯನ್ನು ಮುಗಿಸಿದ್ದು 578ರಲ್ಲಿ. ಕನ್ನಡದ ಮೊದಲ ತ್ರಿಪದಿಗಳಿರುವ ಕಪ್ಪೆ ಅರಭಟ್ಟನ ಶಾಸನವೂ ಅಗಸ್ತ್ಯ ತೀರ್ಥದ ಆಚೆಯ ಬಂಡೆಯ ಮೈಯಲ್ಲೇ ಇದೆ. ಇಂತಹ ಗೋಡೆಗಳಿಂದ ಆರೋಹಿಗಳು ದೂರವಿರಲೇಬೇಕು. ಚಾಕ್ ಪುಡಿಯ ಒಂದು ಬಿಳಿ ಗುರುತೂ ಅಲ್ಲಿ ಸಲ್ಲದು. ಹತ್ತಲು ಬೇರೆ ಗೋಡೆಗಳು ಅಲ್ಲಿ ಬೇಕಾದಷ್ಟಿವೆ.

ಹಂಪಿಯದು ಗ್ರಾನೈಟ್, ಸುಮಾರು 250 ಕೋಟಿ ವರ್ಷದ ಹಿರಿಯ ಶಿಲೆ, ಗುಂಡುಗಲ್ಲುಗಳ ಲೋಕ. ಅಮೆರಿಕದ ಕ್ರಿಸ್ ಶರ್ಮಾ 2001ರಲ್ಲಿ ಸೆಯೂಸಿನ ಸುಣ್ಣಕಲ್ಲಿನ ಮೇಲೆ 9ಎ+ ದರ್ಜೆಯ ಮಾರ್ಗ ಏರಿ ಹೆಸರಾದವರು. ಅವರು ಹಂಪಿಯಲ್ಲಿ ಹತ್ತಿದ್ದನ್ನು ಚಿತ್ರಿಸಿದ ‘ಪಿಲ್‌ಗ್ರಿಮೇಜ್’ 2003ರಲ್ಲಿ ಹೊರಬಂದ ಮೇಲೆ ಜಗತ್ತಿನ ಬೌಲ್ಡರಿಂಗ್ ಆಸಕ್ತರು ತುಂಗಭದ್ರೆಯ ಆಚೆಯ ವಿರೂಪಾಪುರಗಡ್ಡೆಗೆ ಬರತೊಡಗಿದರು. ಅಲ್ಲಿನ ಅನಧಿಕೃತ ವಸತಿಗೃಹಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ತೆರವು ಮಾಡಲಾಯಿತು. ಬಂಡೆಗಳು ಹಾಗೇ ಇವೆ.

ಕರ್ನಾಟಕದಲ್ಲಿ ಸುಣ್ಣಕಲ್ಲಿನ ನಿಜವಾದ ಗೋಡೆ ನೋಡಬೇಕೆಂದರೆ ಉತ್ತರ ಕನ್ನಡದ ಯಾಣಕ್ಕೇ ಹೋಗಬೇಕು. ಕುಮಟಾ ತಾಲ್ಲೂಕಿನ ದಟ್ಟ ಕಾಡಿನಲ್ಲಿ 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಕಪ್ಪುಗಟ್ಟಿ ನಿಂತಿವೆ; ಮಳೆ ಕೆತ್ತಿದ ಚೂಪು ಅಲಗುಗಳು, ಸೀಳುಗಳು, ಒಳಗೆ ನೀರು ತೊಟ್ಟಿಕ್ಕುವ ಲಿಂಗ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ನಾಣ್ಣುಡಿ ಹುಟ್ಟಿದ್ದು ಆ ದಾರಿಯ ಕಷ್ಟದಿಂದ. ಶಿಲೆಯ ಬಗೆಯಿಂದ ಇದು ಥಾಯ್ಲೆಂಡ್, ಗ್ರೀಸುಗಳ ಗೋಡೆಗಳ ಬಂಧು. ಆದರೆ ಭಸ್ಮಾಸುರನ ಕಥೆಯೊಡನೆ ಬೆಸೆದ ಪೂಜ್ಯ ಕ್ಷೇತ್ರವಿದು, ಶಿವರಾತ್ರಿಗೆ ಸಾವಿರಾರು ಜನ ಸೇರುತ್ತಾರೆ, ಬಂಡೆಯ ತುಂಬ ಹೆಜ್ಜೇನು ತೂಗುತ್ತದೆ. ಯಾಣ ಹತ್ತುವ ತಾಣವಾಗಿಲ್ಲ, ಆಗಬೇಕಾಗಿಯೂ ಇಲ್ಲ.

ಬಂಡೆಯ ಹೊರಗೆ, ಕೃತಕ ಗೋಡೆಗಳ ಮೇಲೆ ಕ್ರೀಡೆ ಈಗ ಇನ್ನೊಂದು ದಾರಿ ಹಿಡಿದಿದೆ. ಅಂತರರಾಷ್ಟ್ರೀಯ ಬೌಲ್ಡರಿಂಗ್ ವಿಶ್ವಕಪ್ಪಿನ ಒಂದು ಸುತ್ತು 2016ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ಭಾರತಕ್ಕೆ, ನವಿ ಮುಂಬಯಿಗೆ ಬಂತು. 2017ರ ಜೂನ್‌ನಲ್ಲಿ ಮತ್ತೆ ನಡೆಯಿತು. ಟೋಕಿಯೋ ಒಲಿಂಪಿಕ್ಸ್‌ನಿಂದ ಕ್ರೀಡಾ ಆರೋಹಣ ಪದಕದ ಸ್ಪರ್ಧೆಯಾಗಿದೆ. ನಗರದ ಒಳಾಂಗಣ ಗೋಡೆಯ ಮೇಲೆಯೇ ಕಲಿತು ಬಂದ ಹೊಸ ತಲೆಮಾರಿಗೆ ಬೆರಳಿನ ಬಲ ಹಿಂದಿನವರಿಗಿಂತ ಹೆಚ್ಚು. ಕಲ್ಲನ್ನು ಓದುವ ಕಣ್ಣು ಮಾತ್ರ ಮುಂಬ್ರಾದಂತಹ ಜಾಗದಲ್ಲೇ ಬೆಳೆಯಬೇಕು. ಆದ್ದರಿಂದ ಪಾರ್ಸಿಕ್ ಸಾಲಿನ ಉಳಿದ ಗೋಡೆಗಳನ್ನು ಗಣಿಗೆ, ಒತ್ತುವರಿಗೆ ಬಿಡದೆ ಕಾಯುವುದು ಕ್ರೀಡೆಯ ದೃಷ್ಟಿಯಿಂದಲೂ ಅಗತ್ಯ.

ಚಳಿಗಾಲ ಬಂದೊಡನೆ ಹಗ್ಗದ ಸುರುಳಿ, ಬೌಲ್ಡರಿಂಗ್ ಚಾಪೆಗಳೊಡನೆ ಮುಂಬಯಿಯಿಂದ ಹೊರಡುವವರಿಗೆ ಸೊಲ್ಲಾಪುರ, ವಿಜಯಪುರಗಳ ಮೇಲೆ ಹೋಗುವ ಗದಗ ರೈಲು ಹಳೆಯ ಒಡನಾಡಿ. ರಾತ್ರಿ ಮುಂಬಯಿ ಬಿಟ್ಟ ಆ ಗಾಡಿ ಮರುದಿನ ಬಾದಾಮಿ ಮುಟ್ಟುತ್ತದೆ. ಗದಗಕ್ಕೆ ನಿಲ್ಲುತ್ತಿದ್ದದ್ದು ಈಗ ಹಂಪಿಯ ಬಾಗಿಲಾದ ಹೊಸಪೇಟೆಯವರೆಗೂ ಓಡುತ್ತದೆ.